ಹೆನ್ರಿಯೆಟ್ಟಾ ಕ್ಲೈವ್ ಅವರ ಮನೆಪತ್ರಗಳು (1798–1803): ತಾರೀಖು, ಹೆಸರು, ಊರುಗಳನ್ನು ಹೊಂದಿಸುವುದು ಹೇಗೆ?

ಗಂಜಾಂ_ಓದುಗ

ನಮಸ್ಕಾರ. ಟಿಪ್ಪು ಸುಲ್ತಾನ್ ತೀರಿಕೊಂಡ ಮರುವರ್ಷ ಶ್ರೀರಂಗಪಟ್ಟಣ, ಬೆಂಗಳೂರು ಹೇಗಿದ್ದವು ಅನ್ನುವುದರ ಮೇಲೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಮುಖ್ಯ ಆಕರ ಮದ್ರಾಸ್ ಗವರ್ನರ್ ಎಡ್ವರ್ಡ್ ಕ್ಲೈವ್ ಅವರ ಹೆಂಡತಿ ಲೇಡಿ ಹೆನ್ರಿಯೆಟ್ಟಾ ಅವರ ಪತ್ರಗಳು. 2009ರಲ್ಲಿ ಅಚ್ಚಾದ ಸಂಕಲನ ಕೈಯಲ್ಲಿದೆ, ಕೆಲವು ಮೂಲಪತ್ರಗಳ ಸ್ಕ್ಯಾನ್ ಕೂಡ ಇದೆ. ಆದರೆ ಜೋಡಿಸಲು ಕೂತರೆ ಎಳೆ ಸಿಗುತ್ತಿಲ್ಲ. ಪತ್ರಕ್ಕೂ ಉತ್ತರಕ್ಕೂ ತಾಳೆಯಾಗುವುದಿಲ್ಲ. ಕೆಲವಕ್ಕೆ ಬರೀ ವಾರದ ಹೆಸರಿದೆ, ತಾರೀಖಿಲ್ಲ. "ಲಾರ್ಡ್ ಕ್ಲೈವ್", "ಲಾರ್ಡ್ ಪೊವಿಸ್" ಅಂದರೆ ಯಾರು ಅನ್ನುವುದೂ ಪತ್ರದಿಂದ ಪತ್ರಕ್ಕೆ ಬದಲಾಗುವ ಹಾಗಿದೆ. ಊರ ಹೆಸರುಗಳಂತೂ ಕೇಳಲೇಬೇಡಿ. ಇಂಥ ಪತ್ರವ್ಯವಹಾರವನ್ನು ಎಲ್ಲಿಂದ ಹಿಡಿದು ಬಿಡಿಸಬೇಕು? ಬಲ್ಲವರು ತಿಳಿಸಿ.

ಹಳೇದಫ್ತರ

ಗಂಜಾಂ ಅವರೇ, ಪತ್ರಗಳನ್ನು ಬರೆದ ತಾರೀಖಿನ ಪ್ರಕಾರ ಒಂದೇ ಸಾಲಾಗಿ ಜೋಡಿಸಿದರೆ ಎಳೆ ಸಿಗುವುದಿಲ್ಲ, ಕೂಡದು ಕೂಡ. ಎರಡು ದೇಶಗಳ ನಡುವೆ ಬಾಳಿದವರ ಪತ್ರಗಳಲ್ಲಿ ಪ್ರತಿಯೊಂದಕ್ಕೂ ಎರಡು ತಾರೀಖು ಇರುತ್ತವೆ: ಬರೆದದ್ದು ಮತ್ತು ಕೈಸೇರಿದ್ದು. ಎರಡನೆಯದನ್ನು ಬಿಟ್ಟರೆ ಯಾರಿಗೆ ಯಾವಾಗ ಏನು ಗೊತ್ತಿತ್ತು ಅನ್ನುವುದೇ ತಲೆಕೆಳಗಾಗುತ್ತದೆ.

ಮೊದಲು ಕಾಲವನ್ನು ಮೂರು ತುಂಡು ಮಾಡಿಕೊಳ್ಳಿ. ದಂಪತಿ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಮದ್ರಾಸಿಗೆ ಬಂದದ್ದು 1798ರ ಆಗಸ್ಟ್‌ನಲ್ಲಿ. ಗಂಡುಮಕ್ಕಳಿಬ್ಬರು ಇಂಗ್ಲೆಂಡಿನಲ್ಲೇ ಉಳಿದರು. ಅಲ್ಲಿಂದ 1800ರ ಮಾರ್ಚ್‌ವರೆಗೆ ಗಂಡಹೆಂಡತಿ ಹೆಚ್ಚಾಗಿ ಒಂದೇ ಊರಲ್ಲಿದ್ದರು, ಹಾಗಾಗಿ ಅವರಿಬ್ಬರ ನಡುವಿನ ಪತ್ರ ಹುಡುಕುವುದರಲ್ಲಿ ಅರ್ಥವಿಲ್ಲ. ಆ ಅವಧಿಯ ಮುಖ್ಯ ಪತ್ರಗಳು ಇಂಗ್ಲೆಂಡಿನಲ್ಲಿದ್ದ ಅಣ್ಣ ಜಾರ್ಜ್‌ಗೆ, ಅಂದರೆ ಪೊವಿಸ್‌ನ ಎರಡನೇ ಅರ್ಲ್ (ಬ್ರಿಟಿಷ್ ಕುಲೀನ ಪದವಿ) ಆಗಿದ್ದವರಿಗೆ ಬರೆದವು. 1800ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹೆನ್ರಿಯೆಟ್ಟಾ ಪ್ರವಾಸದಲ್ಲಿದ್ದರು: ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ಕೊಯಮತ್ತೂರು, ತಿರುಚಿನಾಪಳ್ಳಿ, ತಂಜಾವೂರು, ಮತ್ತೆ ಮದ್ರಾಸ್. ಗವರ್ನರ್ ಮದ್ರಾಸಿನಲ್ಲೇ ಇದ್ದರು. ನಿಮಗೆ ಬೇಕಾದ ಪತ್ರಗಳೆಲ್ಲ ಈ ಎಂಟು ತಿಂಗಳಲ್ಲಿವೆ, ಅವು ಎರಡು ದಾರಿಯಲ್ಲಿ ಹೋದವು: ಗಂಡನಿಗೆ ಟಪಾಲಿನಲ್ಲಿ, ಅಣ್ಣನಿಗೆ ಹಡಗಿನಲ್ಲಿ. 1801ರಲ್ಲಿ ಅವರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ಮರಳಿದರು, ಗಂಡ 1803ರವರೆಗೆ ಮದ್ರಾಸಿನಲ್ಲಿದ್ದರು. ಅಲ್ಲಿಗೆ ಪತ್ರಗಳ ದಿಕ್ಕೇ ತಿರುಗಿತು.

ಹಡಗಿನ ಲೆಕ್ಕ ಹೀಗೆ. ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಸುತ್ತಿಕೊಂಡು ಹೋಗುವ ಈಸ್ಟ್ ಇಂಡಿಯಾ ಕಂಪನಿ ಹಡಗು ಮದ್ರಾಸಿನಿಂದ ಇಂಗ್ಲೆಂಡ್ ಮುಟ್ಟಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು. ಉತ್ತರ ವಾಪಸು ಬರುವ ಹೊತ್ತಿಗೆ ವರ್ಷ ತಿರುಗಿರುತ್ತದೆ. ಇದರ ಮೇಲೆ ಎರಡು ತಡೆಗಳು. ಒಂದು, ಫ್ರಾನ್ಸ್ ಜೊತೆ ಯುದ್ಧವಿದ್ದ ಕಾಲವಾದ್ದರಿಂದ ಹಡಗುಗಳು ಬೆಂಗಾವಲಿಗಾಗಿ ಕಾದು ಗುಂಪಾಗಿ ಹೊರಡುತ್ತಿದ್ದವು. ಎರಡು, ಆಗ ಮದ್ರಾಸಿನಲ್ಲಿ ಬಂದರು ಕಟ್ಟೆಯೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಬೇಕು, ಜನ, ಸಾಮಾನು, ಟಪಾಲು ಚೀಲ ಎಲ್ಲವೂ ಮಸೂಲಾ ದೋಣಿಯಲ್ಲಿ ಅಲೆ ದಾಟಬೇಕು. ಈ ದೋಣಿಯ ಹಲಗೆಗಳಿಗೆ ಮೊಳೆಯಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಅಲೆ ಅಪ್ಪಳಿಸಿದರೆ ಒಡೆಯದೆ ಬಳುಕುತ್ತಿತ್ತು, ಆದರೆ ನೀರು ಒಳಗೆ ಬರುತ್ತಿತ್ತು. ನಿಮ್ಮ ಸ್ಕ್ಯಾನ್‌ಗಳಲ್ಲಿ ಶಾಯಿ ಹರಡಿದ ಕಲೆ ಮಡಿಕೆಯ ಅಂಚಿನುದ್ದಕ್ಕೂ ಇದ್ದರೆ ಪತ್ರ ಮಡಿಸಿದ ಮೇಲೆ ನೆನೆದದ್ದು ಅಂತ ತಿಳಿಯಿರಿ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಬಿರುಗಾಳಿಗೆ ಹೆದರಿ ಹಡಗುಗಳು ಆ ಕರಾವಳಿಯನ್ನೇ ಬಿಡುತ್ತಿದ್ದವು. ಆ ತಿಂಗಳುಗಳಲ್ಲಿ ಬರೆದ ಪತ್ರಗಳು ರಾಶಿಯಾಗಿ ಕೂತು ಒಂದೇ ಚೀಲದಲ್ಲಿ ಹೊರಟಿರುತ್ತವೆ.

ಹಡಗು ಮುಳುಗಬಹುದು, ಶತ್ರುವಿನ ಕೈಗೆ ಸಿಗಬಹುದು. ಅದಕ್ಕಾಗಿ ಮುಖ್ಯವಾದ ಪತ್ರವನ್ನು ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಕಳಿಸುವ ರೂಢಿಯಿತ್ತು. ಒಂದೇ ಸಂಗತಿ ತುಸು ಬೇರೆ ಮಾತಿನಲ್ಲಿ ಎರಡು ಕಡೆ ಕಂಡರೆ ತಕ್ಷಣ ಎರಡು ಪತ್ರ ಅಂತ ಎಣಿಸಬೇಡಿ. ತಲೆಬರಹದಲ್ಲಿ "ಡೂಪ್ಲಿಕೇಟ್" ಅಂತಿದೆಯೇ, ಕೊನೆಯ ಪ್ಯಾರಾದಲ್ಲಿ ಮಾತ್ರ ಹೊಸ ಸುದ್ದಿ ಸೇರಿದೆಯೇ ನೋಡಿ.

ಅವಸರದ ಸುದ್ದಿಗೆ ಇರಾಕಿನ ಬಸ್ರಾ ಮೇಲಿನ ನೆಲದ ದಾರಿ ಇತ್ತು. 1798ರಲ್ಲಿ ಬಾಂಬೆಯಿಂದ ಖಾಸಗಿ ಪತ್ರಗಳಿಗೂ ಅದನ್ನು ತೆರೆದರು. ರೂಪಾಯಿ ನಾಣ್ಯದ ಕಾಲು ಭಾಗ ತೂಗುವ ಪತ್ರಕ್ಕೆ 10 ರೂಪಾಯಿ, ಉದ್ದ ನಾಲ್ಕು ಇಂಚು, ಅಗಲ ಎರಡು ಇಂಚು ಮೀರಬಾರದು, ಅರಗು ಹಾಕುವಂತಿಲ್ಲ. ಆ ಅಳತೆಯಲ್ಲಿ ಮಡಿಕೆಯಾಗಿರುವ ತೆಳು ಕಾಗದದ ಪುಟ್ಟ ಪತ್ರ ಸಿಕ್ಕರೆ ಈ ದಾರಿಯನ್ನು ಅನುಮಾನಿಸಬಹುದು.

ಇಷ್ಟಾದ ಮೇಲೆ ಒಂದು ಪಟ್ಟಿ ಮಾಡಿ: ಬರೆದ ಊರು ಮತ್ತು ತಾರೀಖು, ಯಾರಿಗೆ, ಯಾವ ದಾರಿ, ಕೈಸೇರಿದ ತಾರೀಖು, ಯಾವ ಪತ್ರಕ್ಕೆ ಉತ್ತರ. ಕೈಸೇರಿದ ತಾರೀಖು ಪತ್ರದ ಹೊರಮೈಯಲ್ಲಿ, ವಿಳಾಸಕ್ಕೆ ಅಡ್ಡಲಾಗಿ, ಬೇರೆ ಕೈಬರಹದಲ್ಲಿ ಇರುತ್ತದೆ. ಸ್ಕ್ಯಾನ್ ಮಾಡಿದವರು ಒಳಪುಟ ಮಾತ್ರ ಕಳಿಸಿದ್ದರೆ ಹೊರಮೈಯನ್ನೂ ಕೇಳಿ ತರಿಸಿಕೊಳ್ಳಿ. ಅದಿಲ್ಲದ ಸ್ಕ್ಯಾನ್ ಅರ್ಧ ಪತ್ರ.

ಇನ್ನೊಂದು ಮಾತು, ಇದು ಮನಸ್ಸಿಗೆ ತಾಕುವಂಥದ್ದು. ಅಣ್ಣ ಜಾರ್ಜ್ 1801ರ ಜನವರಿ 16ರಂದು ತೀರಿಕೊಂಡರು. ಲೆಕ್ಕ ಹಾಕಿ ನೋಡಿ: 1800ರ ಆಗಸ್ಟ್ ಈಚೆಗೆ ಹೆನ್ರಿಯೆಟ್ಟಾ ಬರೆದ ಯಾವ ಪತ್ರವನ್ನೂ ಅವರು ಓದಿದರು ಅಂತ ಖಚಿತವಾಗಿ ಹೇಳಲಾಗದು. ಸಾವಿನ ಸುದ್ದಿ ಮದ್ರಾಸ್ ಮುಟ್ಟಲು ಇನ್ನೂ ನಾಲ್ಕೈದು ತಿಂಗಳು. ಆ ಅವಧಿಯ ಪತ್ರಗಳನ್ನು ಉಲ್ಲೇಖಿಸುವಾಗ "ಅಣ್ಣನಿಗೆ ತಿಳಿಸಿದರು" ಅನ್ನದೆ "ಅಣ್ಣನಿಗೆಂದು ಬರೆದರು" ಅನ್ನುವುದೇ ಸರಿ.

ಮನೆತನ_ಹುಡುಕಾಟ

ಹೆಸರುಗಳ ಬಗ್ಗೆ ನಾನು ಹೇಳುತ್ತೇನೆ. ಈ ಮನೆತನದಲ್ಲಿ ಹೆಸರು, ಪದವಿ ಎರಡೂ ಮರುಕಳಿಸುತ್ತವೆ. ತಾರೀಖು ನೋಡದೆ ಗುರುತಿಸಲು ಹೋಗಬೇಡಿ.

"ಲಾರ್ಡ್ ಕ್ಲೈವ್": 1774ಕ್ಕೆ ಮುಂಚೆಯಾದರೆ ಪ್ಲಾಸಿಯ ರಾಬರ್ಟ್ ಕ್ಲೈವ್, ಆಮೇಲೆ 1804ರವರೆಗೆ ಮಗ ಎಡ್ವರ್ಡ್. "ಲಾರ್ಡ್ ಪೊವಿಸ್": 1772ರಿಂದ 1801ರ ಜನವರಿವರೆಗೆ ಅಣ್ಣ ಜಾರ್ಜ್. ಅವರಿಗೆ ಮದುವೆಯಾಗಿರಲಿಲ್ಲ, ಪದವಿ ಅಲ್ಲಿಗೆ ನಿಂತಿತು. 1804ರಲ್ಲಿ ಅದೇ ಪದವಿಯನ್ನು ಹೊಸದಾಗಿ ಸೃಷ್ಟಿಸಿ ಹೆನ್ರಿಯೆಟ್ಟಾ ಅವರ ಗಂಡನಿಗೆ ಕೊಟ್ಟರು. ಅಂದರೆ 1800ರ "ಲಾರ್ಡ್ ಪೊವಿಸ್" ಅಣ್ಣ, 1805ರ "ಲಾರ್ಡ್ ಪೊವಿಸ್" ಗಂಡ. "ಲೇಡಿ ಕ್ಲೈವ್" ಎಂದರೂ ಎಚ್ಚರ ಬೇಕು. ಅತ್ತೆ ಮಾರ್ಗರೆಟ್, ರಾಬರ್ಟ್ ಕ್ಲೈವ್ ಅವರ ವಿಧವೆ, 1817ರವರೆಗೂ ಬದುಕಿದ್ದರು.

ತಾಯಿಯೂ ಹೆನ್ರಿಯೆಟ್ಟಾ ಆಂಟೋನಿಯಾ, ಹಿರಿಮಗಳೂ ಹೆನ್ರಿಯೆಟ್ಟಾ ಆಂಟೋನಿಯಾ. ಮಗಳನ್ನು ಮನೆಯಲ್ಲಿ ಹ್ಯಾರಿಯೆಟ್ ಅನ್ನುತ್ತಿದ್ದರು. ಗಂಡ ಎಡ್ವರ್ಡ್, ಹಿರಿಮಗನೂ ಎಡ್ವರ್ಡ್. ಸೋದರಮಾವನ ಆಸ್ತಿ ಈ ಹಿರಿಮಗನಿಗೆ ಬಂತು, 1807ರಲ್ಲಿ ಅವರು ಕ್ಲೈವ್ ಬಿಟ್ಟು ಹರ್ಬರ್ಟ್ ಎಂಬ ಮನೆಹೆಸರು ಇಟ್ಟುಕೊಂಡರು. ಕಿರಿಮಗಳು ಷಾರ್ಲೆಟ್ ಫ್ಲೊರೆನ್ಷಿಯಾ ಮುಂದೆ ನಾರ್ತಂಬರ್ಲೆಂಡ್ ಡಚೆಸ್ ಆದರು, ರಾಣಿಯಾಗುವ ಮುಂಚಿನ ವಿಕ್ಟೋರಿಯಾಗೆ ಗವರ್ನೆಸ್ (ಮನೆಶಿಕ್ಷಕಿ) ಆಗಿದ್ದರು. ಕುಂಡದಲ್ಲಿ ಬೆಳೆಸುವ ಕ್ಲೈವಿಯಾ ಹೂವಿಗೆ 1828ರಲ್ಲಿ ಹೆಸರು ಬಂದದ್ದು ಇವರಿಂದಲೇ.

ಮನೆತನದ ಆಚೆಗಿನ ಅಧಿಕಾರಿಗಳಲ್ಲಿ ಎಡವುವುದು ವೆಲ್ಲೆಸ್ಲಿ ಅಣ್ಣತಮ್ಮಂದಿರ ಮೇಲೆ. "ಲಾರ್ಡ್ ಮಾರ್ನಿಂಗ್ಟನ್" ಅಂದರೆ ಗವರ್ನರ್ ಜನರಲ್ ರಿಚರ್ಡ್. 1799ರ ಕೊನೆಗೆ ಮಾರ್ಕ್ವಿಸ್ ಪದವಿ ಬಂದದ್ದರಿಂದ 1800ರ ಪತ್ರಗಳಲ್ಲಿ "ಲಾರ್ಡ್ ವೆಲ್ಲೆಸ್ಲಿ" ಆಗುತ್ತಾರೆ. "ಕರ್ನಲ್ ವೆಲ್ಲೆಸ್ಲಿ" ತಮ್ಮ ಆರ್ಥರ್, ಆಗ ಮೈಸೂರು ಸೀಮೆಯ ಸೇನೆ ಅವರ ಕೈಯಲ್ಲಿತ್ತು. ಇವರು 1798ರವರೆಗೆ "ವೆಸ್ಲಿ" ಅಂತ ಬರೆಯುತ್ತಿದ್ದರು. "ಕರ್ನಲ್ ಕ್ಲೋಸ್" ಮೈಸೂರಿನ ರೆಸಿಡೆಂಟ್ (ಅರಸರ ಬಳಿ ಇದ್ದ ಕಂಪನಿ ಪ್ರತಿನಿಧಿ) ಬ್ಯಾರಿ ಕ್ಲೋಸ್. ಪತ್ರಗಳಲ್ಲಿ "ಧೂಂಡಿಯಾ" ಅಂತ ಬಂದರೆ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್. 1800ರ ಸೆಪ್ಟೆಂಬರ್ 10ರಂದು ಅವನು ಹತನಾಗುವವರೆಗೆ ಆರ್ಥರ್ ವೆಲ್ಲೆಸ್ಲಿ ಅವನ ಬೆನ್ನತ್ತಿ ಉತ್ತರಕ್ಕೆ ಹೋಗಿದ್ದರು. ಆ ತಿಂಗಳುಗಳ ಪತ್ರದಲ್ಲಿ ಕರ್ನಲ್ ಹೆಸರು ಬಂದಿದ್ದಕ್ಕೇ ಅವರು ಶ್ರೀರಂಗಪಟ್ಟಣದಲ್ಲಿದ್ದರು ಅಂತ ತೀರ್ಮಾನಿಸಬೇಡಿ.

ಕರಿಘಟ್ಟ

ಊರ ಹೆಸರು, ದುಡ್ಡು ಎರಡರಲ್ಲೂ ಕನ್ನಡ ಬಲ್ಲವರಿಗೆ ಅನುಕೂಲ ಜಾಸ್ತಿ. ಇಂಗ್ಲಿಷ್ ಕಾಗುಣಿತವನ್ನು ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. "ಊಸ್ಕೋಟಾ" ಹೊಸಕೋಟೆ, "ಮುದ್ದೂರ್" ಮದ್ದೂರು, "ಸವೆನ್‌ಡ್ರೂಗ್" ಸಾವನದುರ್ಗ, "ಔಟ್ರಾಡ್ರೂಗ್" ಹುತ್ರಿದುರ್ಗ, "ರಯಾಕೋಟಾ" ರಾಯಕೋಟೆ. "ಫ್ರೆಂಚ್ ರಾಕ್ಸ್" ಅಂದರೆ ಹಿರೋಡೆ, ಈಗಿನ ಪಾಂಡವಪುರ.

ತಪ್ಪು ಹೆಚ್ಚಾಗಿ ಆಗುವ ಜಾಗ ಮೂರು. ಚನ್ನಪಟ್ಟಣಕ್ಕೂ ಮದ್ರಾಸಿನ ಹಳೇ ಹೆಸರಾದ ಚೆನ್ನಪಟ್ಟಣಕ್ಕೂ ಇಂಗ್ಲಿಷ್ ಬರಹದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಹಿಂದಿನ ಮುಂದಿನ ಮಜಲು ನೋಡಿಯೇ ನಿರ್ಧರಿಸಬೇಕು. ಹೊಸೂರು, ಹುಣಸೂರು ಇನ್ನೊಂದು ಜೋಡಿ. ಮೂರನೆಯದು ನಿಮ್ಮ ಲೇಖನಕ್ಕೆ ನೇರವಾಗಿ ತಾಕುತ್ತದೆ: "ಲಾಲ್ ಬಾಗ್" ಎರಡಿವೆ. ಒಂದು ಬೆಂಗಳೂರಿನದು. ಇನ್ನೊಂದು ಶ್ರೀರಂಗಪಟ್ಟಣ ದ್ವೀಪದ ಪೂರ್ವ ತುದಿಯದು, ಹೈದರ್, ಟಿಪ್ಪು ಇಬ್ಬರ ಗೋರಿಯಿರುವ ಗುಂಬಜ್ ಇರುವ ತೋಟ. ಅಲ್ಲಿದ್ದ ಅರಮನೆ ಈಗಿಲ್ಲ, ಹಾಗಾಗಿ ಇವತ್ತಿನ ಓದುಗರಿಗೆ ಲಾಲ್‌ಬಾಗ್ ಅಂದರೆ ಬೆಂಗಳೂರೇ ನೆನಪಾಗುತ್ತದೆ. "ದೌಲತ್ ಬಾಗ್" ಅಂದಾಗ ದರಿಯಾ ದೌಲತ್, ಅದು ಕೋಟೆಗೂ ಗಂಜಾಂಗೂ ನಡುವೆ. ಪತ್ರದಲ್ಲಿ ಅರಮನೆ ಅಂತ ಮಾತ್ರ ಇದ್ದರೆ ಕೋಟೆಯೊಳಗಿನದೋ, ಲಾಲ್ ಬಾಗಿನದೋ, ದೌಲತ್ ಬಾಗಿನದೋ ಎಂದು ಬಿಡಿಸಿಕೊಳ್ಳದೆ ಒಂದು ಸಾಲೂ ಬರೆಯಬೇಡಿ.

ದುಡ್ಡಿನ ವಿಚಾರ. ಮದ್ರಾಸಿನ ಲೆಕ್ಕ ಸ್ಟಾರ್ ಪಗೋಡದಲ್ಲಿ: 1 ಪಗೋಡಕ್ಕೆ 42 ಫನಂ, 1 ಫನಂಗೆ 80 ಕಾಸು. ರೂಪಾಯಿಯಲ್ಲಿ ಸುಮಾರು ಮೂರೂವರೆ. ಘಟ್ಟ ಹತ್ತಿದ ಮೇಲೆ ನಮ್ಮ ಕಂಠೀರಾಯಿ ವರಹ: 10 ಹಣಕ್ಕೆ ಒಂದು ವರಹ, ಬೆಲೆ ಸ್ಟಾರ್ ಪಗೋಡಕ್ಕಿಂತ ಕಡಿಮೆ. ಇಂಗ್ಲಿಷರು ಎರಡನ್ನೂ ಪಗೋಡ, ಫನಂ ಅಂತಲೇ ಬರೆಯುತ್ತಾರೆ. ಬೆಂಗಳೂರಿನಲ್ಲಿ ಕೊಟ್ಟ ಹಣವನ್ನು ಮದ್ರಾಸ್ ದರದಲ್ಲಿ ರೂಪಾಯಿ ಮಾಡಿದರೆ ಲೆಕ್ಕ ಉಬ್ಬುತ್ತದೆ.

ತಾಳೆ ನೋಡಲು ಬಲು ಒಳ್ಳೆಯ ದಾಖಲೆಯೊಂದಿದೆ. ಕಂಪನಿಯ ವೈದ್ಯರಾಗಿದ್ದ ಫ್ರಾನ್ಸಿಸ್ ಬುಕನನ್ 1800ರ ಏಪ್ರಿಲ್ 23ರಂದು ಮದ್ರಾಸ್ ಬಿಟ್ಟು ಇದೇ ಮೈಸೂರು ಸೀಮೆಗೆ ಬಂದರು. ಅವರ ಪ್ರವಾಸ ವರದಿ 1807ರಲ್ಲಿ ಅಚ್ಚಾಯಿತು. ದಿನದಿನದ ಮಜಲು, ಬೆಳೆ, ಕೂಲಿ, ನಾಣ್ಯದ ದರ ಎಲ್ಲವೂ ಅದರಲ್ಲಿದೆ. ಒಂದೇ ವರ್ಷ, ಒಂದೇ ದಾರಿ, ಇಬ್ಬರು ನೋಡುಗರು. ಹೆನ್ರಿಯೆಟ್ಟಾ ಬಿಟ್ಟದ್ದನ್ನು ಬುಕನನ್ ಹಿಡಿದಿರುತ್ತಾರೆ. ಪಾಳುಬಿದ್ದ ಕೆರೆ, ಖಾಲಿಯಾದ ಪೇಟೆ ಗವರ್ನರ್ ಹೆಂಡತಿಯ ಪಲ್ಲಕ್ಕಿಯಿಂದ ಕಾಣುವುದು ಕಡಿಮೆ.

ಗಂಜಾಂ_ಓದುಗ

ಮೂವರಿಗೂ ಧನ್ಯವಾದ. ಪಟ್ಟಿ ಶುರುಮಾಡಿದ್ದೇನೆ. ಮೂರು ಪ್ರಶ್ನೆ ಉಳಿದಿವೆ. ಬರೀ "ಮಂಗಳವಾರ" ಅಂತಿರುವ ಪತ್ರಕ್ಕೆ ತಾರೀಖು ಕೊಡುವುದು ಹೇಗೆ? ಪುಟದ ಅಂಚಲ್ಲಿ ಕೆಲವು ಪದಗಳೇ ಹರಿದುಹೋಗಿವೆ, ಅದನ್ನು ಏನು ಮಾಡುವುದು? ಮಗಳು ಷಾರ್ಲೆಟ್ ಅವರ ದಿನಚರಿಯನ್ನು ತಾಯಿಯ ಪತ್ರದಷ್ಟೇ ನಂಬಬಹುದೇ?

ಹಳೇದಫ್ತರ

ವಾರದಿಂದ ತಾರೀಖು: 1800 ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ, ಆ ಫೆಬ್ರವರಿಗೆ 28 ದಿನವೇ. ಇದನ್ನು ಮರೆತು ಕೈಲೆಕ್ಕ ಹಾಕಿದವರಿಗೆ ಮಾರ್ಚ್‌ನಿಂದ ಮುಂದೆ ಎಲ್ಲವೂ ಒಂದು ದಿನ ತಪ್ಪುತ್ತದೆ. ಆಧಾರಕ್ಕೆ ಇಟ್ಟುಕೊಳ್ಳಿ: 1800ರ ಮಾರ್ಚ್ 1 ಶನಿವಾರ, ಜೂನ್ 1 ಭಾನುವಾರ, ಸೆಪ್ಟೆಂಬರ್ 1 ಸೋಮವಾರ. ಪತ್ರ ಬರೆದ ಊರಲ್ಲಿ ಅವರು ಇದ್ದ ಅವಧಿಯನ್ನು ಮೊದಲು ಗಟ್ಟಿಮಾಡಿಕೊಂಡು, ಅದರೊಳಗೆ ಬರುವ ಮಂಗಳವಾರಗಳನ್ನು ಬರೆದುಕೊಳ್ಳಿ, ಒಳಗಿನ ಸುದ್ದಿಯಿಂದ ಒಂದೊಂದನ್ನೇ ತಳ್ಳಿಹಾಕುತ್ತ ಬನ್ನಿ. ಎರಡು ಉಳಿದರೆ ಎರಡನ್ನೂ ಕೊಟ್ಟು ಚೌಕ ಕಂಸದಲ್ಲಿ ಹಾಕಿ. ಪತ್ರದ ಒಳಗೆ "12ನೇ ಇನ್‌ಸ್ಟ್." ಅಂದರೆ ಅದೇ ತಿಂಗಳ 12, "ಅಲ್ಟ್." ಅಂದರೆ ಹಿಂದಿನ ತಿಂಗಳದ್ದು. ಬರಹಗಾರರ ತಿಂಗಳು ಲೆಕ್ಕಕ್ಕೆ ಬರುತ್ತದೆ, ಕೈಸೇರಿದ ತಿಂಗಳಲ್ಲ.

ತಾರೀಖೇ ಇಲ್ಲದ ಹಾಳೆಗೆ ವಾಟರ್‌ಮಾರ್ಕ್ ನೋಡಿ. 1794ರ ಕಾನೂನಿನ ಪ್ರಕಾರ ರಫ್ತಾಗುವ ಕಾಗದದ ಸುಂಕ ವಾಪಸು ಸಿಗಬೇಕಾದರೆ ವಾಟರ್‌ಮಾರ್ಕಿನಲ್ಲಿ ಇಸವಿ ಇರಬೇಕಿತ್ತು. ಹಾಗಾಗಿ ಮದ್ರಾಸಿಗೆ ಬಂದ ಇಂಗ್ಲಿಷ್ ಕಾಗದದಲ್ಲಿ ಇಸವಿ ಸಿಗುವ ಸಂಭವ ಚೆನ್ನಾಗಿದೆ. ಅದು ಆದಿಯ ಮಿತಿ ಮಾತ್ರ: 1799 ಅಂತಿದ್ದರೆ ಪತ್ರ ಅದಕ್ಕಿಂತ ಹಿಂದಿನದಲ್ಲ, ಅಷ್ಟೇ. ಸಾಮಾನ್ಯ ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ, ಹಿಂದಿನಿಂದ ಬೆಳಕು ಹಾಯಿಸಿ ತೆಗೆದ ಚಿತ್ರ ಬೇಕು ಅಂತ ಗ್ರಂಥಾಲಯಕ್ಕೆ ನಿರ್ದಿಷ್ಟವಾಗಿ ಬರೆಯಿರಿ.

ಹರಿದ ಪದಗಳು: ಆಗ ಲಕೋಟೆ ಬಳಕೆ ಅಪರೂಪ. ಒಂದು ಹಾಳೆಯನ್ನು ನಡುವೆ ಮಡಿಸಿ ನಾಲ್ಕು ಪುಟ ಮಾಡಿ, ಮೂರರಲ್ಲಿ ಬರೆದು, ನಾಲ್ಕನೆಯದರ ನಡುಭಾಗ ವಿಳಾಸಕ್ಕೆ ಬಿಟ್ಟು, ಮಡಿಕೆಯನ್ನು ಮತ್ತೆ ಮಡಿಕೆಯೊಳಗೆ ಸಿಕ್ಕಿಸಿ ಅರಗಿನ ಮುದ್ರೆ ಹಾಕುತ್ತಿದ್ದರು. ಬಿಚ್ಚುವಾಗ ಅರಗಿಗೆ ಅಂಟಿದ ಕಾಗದ ಕಿತ್ತುಬರುತ್ತದೆ. ಅದಕ್ಕೇ ತೂತು ಹೆಚ್ಚಾಗಿ ಮೂರನೇ ಪುಟದ ಹೊರ ಅಂಚಿನಲ್ಲಿ. ಕಿತ್ತ ಚೂರು ಎದುರು ಮಡಿಕೆಯ ಅರಗಿನ ಅಡಿಯಲ್ಲಿ ಇನ್ನೂ ಅಂಟಿಕೊಂಡಿರಬಹುದು, ಅಲ್ಲಿ ಮೊದಲು ಹುಡುಕಿ. ಸಿಗದಿದ್ದರೆ ಊಹೆಯ ಪದವನ್ನು ಚೌಕ ಕಂಸದಲ್ಲಿ ಕೊಡಿ, ಊಹೆಗೂ ಸಿಗದಿದ್ದರೆ ಖಾಲಿ ಬಿಡಿ. ಓದುವಾಗ ಇನ್ನೊಂದು: ಆ ಪೀಳಿಗೆಯವರು ಎರಡು ಎಸ್ ಜೊತೆ ಬಂದಾಗ ಮೊದಲನೆಯದನ್ನು ಉದ್ದವಾಗಿ, ಎಫ್ ಥರ ಬರೆಯುತ್ತಾರೆ. ಪೂರ್ಣವಿರಾಮದ ಬದಲು ಅಡ್ಡಗೆರೆ ಎಳೆಯುತ್ತಾರೆ. ನಕಲು ಮಾಡುವಾಗ ಗೆರೆಯನ್ನು ಗೆರೆಯಾಗಿಯೇ ಉಳಿಸಿ, ವಾಕ್ಯ ಎಲ್ಲಿ ಮುಗಿಯಿತು ಅನ್ನುವ ತೀರ್ಮಾನ ಅನುವಾದದ ಹಂತಕ್ಕೆ ಇರಲಿ.

ಹೊರಮೈಯಲ್ಲಿ ಅಂಚೆ ದರದ ಅಂಕಿ ಇಲ್ಲದಿದ್ದರೆ ಯಾರೋ ಕೈಯಲ್ಲಿ ಒಯ್ದದ್ದು ಅಂತ ಬರೆಯಬೇಡಿ. ಅಣ್ಣ ಅರ್ಲ್ ಆದ್ದರಿಂದ ಬ್ರಿಟನ್ ಒಳಗಿನ ಅಂಚೆ ಅವರಿಗೆ ಉಚಿತ. 1795ರ ನಿಯಮದಲ್ಲಿ ದಿನಕ್ಕೆ 10 ಕಳಿಸಬಹುದಿತ್ತು, 15 ಪಡೆಯಬಹುದಿತ್ತು.

ಮನೆತನ_ಹುಡುಕಾಟ

ಷಾರ್ಲೆಟ್ ದಿನಚರಿಯ ಬಗ್ಗೆ: ಅವರು ಹುಟ್ಟಿದ್ದು 1787ರ ಸೆಪ್ಟೆಂಬರ್‌ನಲ್ಲಿ, ಅಂದರೆ ಶ್ರೀರಂಗಪಟ್ಟಣ ನೋಡುವಾಗ 12 ವರ್ಷ. ಜೊತೆಯಲ್ಲಿದ್ದ ಗವರ್ನೆಸ್ ಆನಾ ಟೊನೆಲ್ಲಿ, ಇಟಲಿಯ ಚಿತ್ರಕಾರ್ತಿ. ಇಂಥ ದಿನಚರಿ ಮಕ್ಕಳ ಪಾಠದ ಭಾಗ, ದೊಡ್ಡವರು ಓದುತ್ತಾರೆಂದು ಗೊತ್ತಿದ್ದೇ ಬರೆದದ್ದು. ಬ್ರಿಟಿಷ್ ಲೈಬ್ರರಿಯಲ್ಲಿರುವುದು ಬಹಳ ವರ್ಷಗಳ ಮೇಲೆ ಅಂದವಾಗಿ ನಕಲು ಮಾಡಿದ ಪ್ರತಿ. ದಿನ, ಮಜಲು, ಪ್ರಾಣಿ, ಭೇಟಿಗಳಿಗೆ ಅದು ಬಲು ಉಪಯೋಗ, ತಾರೀಖಿಲ್ಲದ ಪತ್ರಗಳನ್ನು ಕಟ್ಟಿಹಾಕಲು ಅದಕ್ಕಿಂತ ಒಳ್ಳೆಯ ಗೂಟ ಇಲ್ಲ. ಟಿಪ್ಪುವಿನ ಗುಣ, ಆಡಳಿತದ ಬಗ್ಗೆ ಅದರಲ್ಲಿ ಬರುವುದು ಮಗು ಕಂಡದ್ದಲ್ಲ, ಸುತ್ತಲ ಅಧಿಕಾರಿಗಳ ಬಾಯಿಂದ ಕೇಳಿದ್ದು.

ತಾಯಿಯ ಪತ್ರಕ್ಕೂ ಈ ಗೆರೆ ಎಳೆಯಿರಿ. 1799ರ ಮೇ, ಜೂನ್‌ನಲ್ಲಿ ಕೋಟೆ ಬಿದ್ದ ಬಗ್ಗೆ ಅವರು ಬರೆದದ್ದೆಲ್ಲ ಮದ್ರಾಸಿನಲ್ಲಿ ಕೂತು ಕೇಳಿದ ಸುದ್ದಿ. ಕಣ್ಣಾರೆ ಕಂಡದ್ದು 1800ರಲ್ಲಿ ಮಾತ್ರ. ಆ ಎರಡು ಬಗೆಯ ಸಾಲುಗಳನ್ನು ಒಂದೇ ಪ್ಯಾರಾದಲ್ಲಿ ಬೆರೆಸಿದರೆ ಲೇಖನ ಕೆಡುತ್ತದೆ. ಟೊನೆಲ್ಲಿ ಬರೆದ ಸಿಂಹಾಸನಾರೂಢ ಟಿಪ್ಪುವಿನ ಚಿತ್ರವನ್ನು ಬಳಸುವುದಾದರೂ ಅಷ್ಟೇ: ಅದು 1800ರದು, ಸುಲ್ತಾನ್ ಆಗ ಬದುಕಿರಲಿಲ್ಲ, ಸಿಂಹಾಸನವನ್ನೂ ಲೂಟಿ ಹಂಚುವವರು ಒಡೆದಾಗಿತ್ತು. ಅದರ ಚಿನ್ನದ ಹುಲಿತಲೆಗಳಲ್ಲಿ ಒಂದು, ಟಿಪ್ಪುವಿನ ಚೀಟಿ ಬಟ್ಟೆಯ ಡೇರೆ ಇವತ್ತಿಗೂ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿವೆ. ಬರೆದವರ ಮನೆಗೇ ಆ ವಸ್ತುಗಳು ಸೇರಿದವು ಅನ್ನುವುದನ್ನು ಲೇಖನದ ಮೊದಲ ಪುಟದಲ್ಲೇ ಓದುಗರಿಗೆ ಹೇಳಿಬಿಡಿ.

ಮೂಲಗಳು ಅಬೆರಿಸ್ಟ್ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಪೊವಿಸ್ ಸಂಗ್ರಹದಲ್ಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಹಂಚಿಹೋಗಿವೆ. ಗವರ್ನರ್ ಯಾವ ದಿನ ಮದ್ರಾಸಿನಲ್ಲಿದ್ದರು ಅನ್ನುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಫೋರ್ಟ್ ಸೇಂಟ್ ಜಾರ್ಜ್ (ಮದ್ರಾಸ್ ಸರ್ಕಾರದ) ಸಭೆಗಳ ನಡಾವಳಿ ಇದೆ. ಸಭೆಗೆ ಹಾಜರಾದವರ ಹೆಸರು ಪ್ರತಿ ನಡಾವಳಿಯ ತಲೆಯಲ್ಲೇ ಬರೆದಿರುತ್ತದೆ.